ಹದಿಹರೆಯದವರಿಗೆ ಲಾಭರಹಿತ ಬೇಸಿಗೆ ಓಟದ ಶಿಬಿರ: ಕೊನೆಯಲ್ಲಿ ಬರುವವರಿಂದ ಲೆಕ್ಕ ಹಾಕುವ ಕ್ರಮ

ಓಟದ ಶಿಬಿರ ನಡೆಸಬೇಕೆಂದು ಹೊರಡುವವರಲ್ಲಿ ಹೆಚ್ಚಿನವರು ಒಂದು ಕಾಲದಲ್ಲಿ ತಾವೂ ಚೆನ್ನಾಗಿ ಓಡಿದವರೇ ಆಗಿರುತ್ತಾರೆ. ಆದ್ದರಿಂದ ಶಿಬಿರವೆಂದ ಕೂಡಲೇ ಅವರ ಕಣ್ಣಿಗೆ ಕಟ್ಟುವುದು ಗುಂಪಿನ ಮುಂದಿರುವ ನಾಲ್ಕೈದು ಮಂದಿ: ಕಾಲು ನೆಲಕ್ಕೆ ತಾಗಿತೋ ಇಲ್ಲವೋ ಎಂಬಂತೆ ಓಡುವ, ಹೇಳಿದ್ದನ್ನೆಲ್ಲ ಮುಗಿಸಿ ಇನ್ನೂ ಬೇಕು ಎನ್ನುವ ಮಕ್ಕಳು. ನನ್ನ ಮೊದಲ ಶಿಬಿರದ ಯೋಜನೆಯನ್ನು ನಾನೂ ಅಂಥವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೆ. ಮೂರನೆಯ ದಿನಕ್ಕೆ ಆರು ಮಂದಿ ಬರುವುದನ್ನು ನಿಲ್ಲಿಸಿದರು. ಬಿಟ್ಟವರು ಯಾರೆಂದು ಹಾಜರಿ ಪಟ್ಟಿಯಲ್ಲಿ ನೋಡಿದರೆ, ಹಿಂದಿನ ಎರಡು ದಿನವೂ ಉಳಿದವರೆಲ್ಲ ನೀರು ಕುಡಿದು ಹುಲ್ಲಿನ ಮೇಲೆ ಕೂತು ನೋಡುತ್ತಿರುವಾಗ ಒಬ್ಬೊಬ್ಬರಾಗಿ ಏದುಸಿರು ಬಿಡುತ್ತ ಮೈದಾನಕ್ಕೆ ಮರಳಿದವರೇ ಅವರು. ಅಂದಿನಿಂದ ಶುಲ್ಕ, ಜಾಗ, ಹೊತ್ತು, ಓಟದ ದೂರ, ಹೀಗೆ ಶಿಬಿರದ ಪ್ರತಿಯೊಂದು ನಿರ್ಧಾರವನ್ನೂ ಕೊನೆಯಲ್ಲಿ ಬರುವ ಮಗುವಿನಿಂದ ಆರಂಭಿಸಿ ಲೆಕ್ಕ ಹಾಕುವುದನ್ನು ರೂಢಿಸಿಕೊಂಡೆ. ಮುಂದಿರುವವರು ಯಾವ ಶಿಬಿರಕ್ಕೆ ಹೋದರೂ ಓಡುತ್ತಾರೆ.

ಮೊದಲ ವರ್ಷದ ಅಳತೆ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹದಿಹರೆಯವೆಂದರೆ 10ರಿಂದ 19 ವರ್ಷ. ಒಂದೇ ಶಿಬಿರಕ್ಕೆ ಈ ಹರವು ತೀರ ದೊಡ್ಡದು. 13ರಿಂದ 17 ವರ್ಷದವರನ್ನು ಸೇರಿಸಿಕೊಂಡರೆ ಸಾಕು. ಹಾಗೆ ಮಾಡಿದರೂ ವಯಸ್ಸನ್ನು ನಂಬಿ ಗುಂಪು ಕಟ್ಟಬಾರದು. ಎತ್ತರ ಅತಿ ವೇಗವಾಗಿ ಬೆಳೆಯುವ ಕಾಲ ಹುಡುಗಿಯರಲ್ಲಿ ಸುಮಾರು 12ಕ್ಕೂ ಹುಡುಗರಲ್ಲಿ ಸುಮಾರು 14ಕ್ಕೂ ಬರುತ್ತದೆ, ಆದರೆ ಮಗುವಿನಿಂದ ಮಗುವಿಗೆ ಒಂದೆರಡು ವರ್ಷ ಹಿಂದುಮುಂದಾಗುವುದು ಸಹಜ. ಒಂದೇ ತಿಂಗಳಲ್ಲಿ ಹುಟ್ಟಿದ ಇಬ್ಬರು ಹುಡುಗರಲ್ಲಿ ಒಬ್ಬನ ದನಿ ಒಡೆದಿರುತ್ತದೆ, ಇನ್ನೊಬ್ಬ ಇನ್ನೂ ಮಗುವಿನಂತಿರುತ್ತಾನೆ. ಇಬ್ಬರಿಗೂ ಒಂದೇ ದೂರ ಓಡಲು ಹೇಳುವುದು ನ್ಯಾಯವಲ್ಲ.

ಮೊದಲ ವರ್ಷಕ್ಕೆ 24 ಮಕ್ಕಳು, ಎರಡು ವಾರ, ವಾರಕ್ಕೆ ಐದು ದಿನ, ಬೆಳಗಿನ ಎರಡೂವರೆ ಗಂಟೆ ಎಂಬ ಅಳತೆಯನ್ನು ನಾನು ಶಿಫಾರಸು ಮಾಡುತ್ತೇನೆ. ಮಕ್ಕಳು ರಾತ್ರಿ ಉಳಿಯುವ ಶಿಬಿರಕ್ಕೆ ಆಕರ್ಷಣೆ ಹೆಚ್ಚು, ನಿಜ. ಆದರೆ ಅಡುಗೆ, ಹಾಸಿಗೆ, ಸ್ನಾನದ ಮನೆ, ರಾತ್ರಿಯ ಕಾವಲು, ಮನೆಯ ನೆನಪಾಗಿ ಅಳುವ ಮಗು, ಇವೆಲ್ಲ ಸೇರಿದಾಗ ಓಟವನ್ನು ಕಲಿಸುವುದಕ್ಕಿಂತ ಮನೆ ನಡೆಸುವುದೇ ಕೆಲಸವಾಗುತ್ತದೆ. ಎರಡು ವರ್ಷ ಹಗಲು ಶಿಬಿರ ನಡೆಸಿ ಕೈ ಪಳಗಿದ ಮೇಲೆ ಅದರ ಮಾತು.

ಜನಬಲದ ವಿಷಯದಲ್ಲಿ ಅಮೆರಿಕನ್ ಕ್ಯಾಂಪ್ ಅಸೋಸಿಯೇಷನ್‌ನ ಮಾನದಂಡವನ್ನು ಒಂದು ಆಧಾರವಾಗಿ ಇಟ್ಟುಕೊಳ್ಳಬಹುದು: ಹಗಲು ಶಿಬಿರದಲ್ಲಿ 9ರಿಂದ 14 ವರ್ಷದ 10 ಮಕ್ಕಳಿಗೆ ಒಬ್ಬರು, 15ರಿಂದ 18 ವರ್ಷದ 12 ಮಕ್ಕಳಿಗೆ ಒಬ್ಬರು, ರಾತ್ರಿ ಉಳಿಯುವ ಶಿಬಿರದಲ್ಲಿ ಈ ಸಂಖ್ಯೆ ಕ್ರಮವಾಗಿ 8 ಮತ್ತು 10. ಓಟದ ಶಿಬಿರಕ್ಕೆ ಇದು ಸಾಲದು ಎಂಬುದು ನನ್ನ ಅನುಭವ, ಏಕೆಂದರೆ ಚಿತ್ರಕಲೆಯ ಶಿಬಿರದ ಮಕ್ಕಳು ಒಂದು ಕೋಣೆಯಲ್ಲಿರುತ್ತಾರೆ, ನಮ್ಮವರು ಒಂದು ಕಿಲೋಮೀಟರಿನುದ್ದಕ್ಕೂ ಚೆದುರಿರುತ್ತಾರೆ. ಆರು ಮಕ್ಕಳಿಗೆ ಒಬ್ಬರಂತೆ ನಾಲ್ವರು ಓಡುವವರು, ಇವರಲ್ಲದೆ ಏನೇ ಆದರೂ ಓಡದೆ ಹಾಜರಿ ಪಟ್ಟಿ, ಫೋನು ಮತ್ತು ಔಷಧಿಯ ಪೆಟ್ಟಿಗೆಯೊಂದಿಗೆ ಒಂದೇ ಜಾಗದಲ್ಲಿ ಇರುವ ಒಬ್ಬರು, ಇಷ್ಟು ಕಡ್ಡಾಯ. ಎಲ್ಲರಿಗಿಂತ ಹಿಂದೆ ಓಡುವ ಕೆಲಸವನ್ನು ಹೊಸದಾಗಿ ಬಂದ ಸ್ವಯಂಸೇವಕನಿಗೆ ವಹಿಸುವ ರೂಢಿ ಬಹಳ ಕಡೆ ಇದೆ. ಆ ಜಾಗ ನಿಮ್ಮಲ್ಲಿರುವ ಅತ್ಯಂತ ಅನುಭವಿ ಕೋಚ್‌ಗೆ ಸೇರಬೇಕು. ಕಲಿಸುವುದಕ್ಕೂ ಕಾಯುವುದಕ್ಕೂ ಹೆಚ್ಚು ಇರುವುದು ಅಲ್ಲೇ.

ಜಾಗವನ್ನು ಗೊತ್ತುಮಾಡುವ ಮುನ್ನ, ಶಿಬಿರ ನಡೆಯುವ ಋತುವಿನಲ್ಲಿ, ಶಿಬಿರ ನಡೆಯುವ ಹೊತ್ತಿನಲ್ಲೇ ಅಲ್ಲಿಗೆ ಹೋಗಿ ಎರಡು ಗಂಟೆ ಇದ್ದು ಬರಬೇಕು. ಬೆಳಗಿನ ನೆರಳು ಎಷ್ಟು ಹೊತ್ತಿಗೆ ಸರಿಯುತ್ತದೆ, ಶೌಚಾಲಯದ ಬಾಗಿಲು ಆ ವೇಳೆಗೆ ತೆರೆದಿರುತ್ತದೆಯೇ, ನಲ್ಲಿಯಲ್ಲಿ ಕುಡಿಯುವ ನೀರು ಬರುತ್ತದೆಯೇ, ಆಂಬ್ಯುಲೆನ್ಸ್ ಯಾವ ಗೇಟಿನಿಂದ ಒಳಗೆ ಬರಬಹುದು, ಆ ಗೇಟಿನ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದೆಲ್ಲ ಆಗ ತಿಳಿಯುತ್ತದೆ. ಮೊದಲ ದಿನಗಳಿಗೆ ಒಂದು ಕಿಲೋಮೀಟರಿಗಿಂತ ಚಿಕ್ಕದಾದ, ಒಂದೇ ಕಡೆ ನಿಂತು ಬಹುಪಾಲು ನೋಡಬಹುದಾದ ಸುತ್ತು ಬೇಕು. ಆಮೇಲಿನ ದಿನಗಳಿಗೆ ವಾಹನಗಳಿಲ್ಲದ, ಸುಮಾರು ಎರಡೂವರೆ ಕಿಲೋಮೀಟರಿನ ಮಣ್ಣಿನ ದಾರಿಯೊಂದು ಸಿಕ್ಕರೆ ಬಹಳ ಒಳ್ಳೆಯದು. 400 ಮೀಟರಿನ ಟ್ರ್ಯಾಕ್ ಇಲ್ಲವೆಂದು ಕೊರಗಬೇಕಾಗಿಲ್ಲ. ರಸ್ತೆ ದಾಟಬೇಕಾದ ಜಾಗವಾದರೆ ಮಾತ್ರ ಬೇರೆ ಕಡೆ ಹುಡುಕಿ.

ಸಂಸ್ಥೆ, ಶುಲ್ಕ, ಲೆಕ್ಕ

ಲಾಭರಹಿತವೆಂದರೆ ಕೈಯಲ್ಲಿ ಹಣವೇ ಇರಬಾರದು, ಯಾರಿಗೂ ಸಂಬಳ ಕೊಡಬಾರದು ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಖರ್ಚು ಕಳೆದು ಉಳಿದ ಹಣ ಯಾವ ಸದಸ್ಯರ ಜೇಬಿಗೂ ಹೋಗದೆ ಸಂಸ್ಥೆಯ ಉದ್ದೇಶಕ್ಕೇ ಮರಳಬೇಕು ಎಂಬುದಷ್ಟೇ ಅದರ ತಿರುಳು. ಕೋಚ್‌ಗೂ ದಾದಿಗೂ ನ್ಯಾಯವಾದ ಸಂಭಾವನೆ ಕೊಡುವುದಕ್ಕೆ ಅದು ಅಡ್ಡಿಯಲ್ಲ. ನೋಂದಣಿಯ ರೂಪ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ: ಎಲ್ಲೋ ಟ್ರಸ್ಟ್, ಎಲ್ಲೋ ಸಂಘ, ಎಲ್ಲೋ ಲಾಭ ಹಂಚದ ಕಂಪನಿ. ನೋಂದಣಿ ಮತ್ತು ತೆರಿಗೆ ವಿನಾಯಿತಿ ಬಹುತೇಕ ಕಡೆ ಎರಡು ಬೇರೆ ಅರ್ಜಿಗಳು, ಒಂದು ಸಿಕ್ಕ ಮಾತ್ರಕ್ಕೆ ಇನ್ನೊಂದು ಸಿಕ್ಕಂತಲ್ಲ ಎಂಬುದನ್ನು ದಾನಿಗಳಿಗೆ ರಸೀದಿ ಬರೆಯುವ ಮೊದಲೇ ತಿಳಿದಿರಬೇಕು. ಮೊದಲ ವರ್ಷಕ್ಕೆ ಸ್ವಂತ ನೋಂದಣಿಗೆ ಓಡಾಡುವುದಕ್ಕಿಂತ, ಈಗಾಗಲೇ ನೋಂದಣಿಯಾಗಿರುವ ಕ್ರೀಡಾ ಸಂಘವೋ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಸ್ಥೆಯೋ ತನ್ನ ಆಶ್ರಯದಲ್ಲಿ ಶಿಬಿರ ನಡೆಸಲು ಒಪ್ಪುತ್ತದೆಯೇ ಎಂದು ಕೇಳುವುದು ಲೇಸು. ಹಾಗೆ ಒಪ್ಪಿದರೆ ಹಣ ಯಾರ ಖಾತೆಯಲ್ಲಿರುತ್ತದೆ, ವಿಮೆ ಯಾರ ಹೆಸರಿನಲ್ಲಿ, ಅವಘಡವಾದರೆ ಉತ್ತರಿಸಬೇಕಾದವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಿರುವ ಒಂದು ಪುಟದ ಒಪ್ಪಂದಕ್ಕೆ ಎರಡೂ ಕಡೆಯವರು ಸಹಿ ಹಾಕಬೇಕು. ಸ್ನೇಹದ ಮೇಲೆ ನಡೆದ ಏರ್ಪಾಡುಗಳು ಮುರಿಯುವುದು ಸಾಮಾನ್ಯವಾಗಿ ಮೂರನೆಯ ಪ್ರಶ್ನೆಯಲ್ಲಿ.

ಆಡಳಿತ ಮಂಡಳಿಗೆ ಐವರು ಸಾಕು. ಮುಖ್ಯ ಕೋಚ್ ಖಜಾಂಚಿಯಾಗಬಾರದು, ಒಂದೇ ಕುಟುಂಬದ ಇಬ್ಬರು ಚೆಕ್ಕಿಗೆ ಸಹಿ ಹಾಕಬಾರದು, ಹಣ ಹೊರಹೋಗಲು ಎರಡು ಸಹಿ ಬೇಕು. ಮಂಡಳಿಯಲ್ಲಿ ವೈದ್ಯರೋ ದಾದಿಯೋ ಒಬ್ಬರಿದ್ದರೆ ಮುಂದಿನ ಅರ್ಧ ಕೆಲಸ ಹಗುರವಾಗುತ್ತದೆ. ಶಿಬಿರಕ್ಕೆ ಎಂಟು ತಿಂಗಳು ಮೊದಲು ಈ ಮಂಡಳಿ ಕೂಡಬೇಕು. ವಿಮೆ, ಜಾಗದ ಅನುಮತಿ, ಸ್ವಯಂಸೇವಕರ ಹಿನ್ನೆಲೆ ಪರಿಶೀಲನೆ, ಈ ಮೂರರಲ್ಲಿ ಯಾವುದೂ ನಿಮ್ಮ ಅವಸರಕ್ಕೆ ಬಗ್ಗುವುದಿಲ್ಲ.

ಶುಲ್ಕದ ಲೆಕ್ಕವನ್ನು ಬಿಡಿಸಿಯೇ ಹೇಳಬೇಕು, ಏಕೆಂದರೆ ಒಳ್ಳೆಯ ಮನಸ್ಸಿನ ಶಿಬಿರಗಳು ಎಡವುವುದು ಇಲ್ಲಿಯೇ. ಒಟ್ಟು ಖರ್ಚನ್ನು 100 ಪಾಲು ಎಂದಿಟ್ಟುಕೊಳ್ಳಿ. 24 ಮಕ್ಕಳೂ ಶುಲ್ಕ ಕೊಟ್ಟರೆ ತಲೆಗೆ ನಾಲ್ಕು ಪಾಲಿಗಿಂತ ತುಸು ಹೆಚ್ಚು ಬೀಳುತ್ತದೆ. ಎಂಟು ಮಕ್ಕಳನ್ನು ಉಚಿತವಾಗಿ ಸೇರಿಸಿಕೊಂಡು ಆ ಭಾರವನ್ನು ಉಳಿದ 16 ಮಂದಿಯ ಮೇಲೆ ಹಾಕಿದರೆ ಅದು ಆರೂಕಾಲು ಪಾಲಾಗುತ್ತದೆ, ಅಂದರೆ ಒಂದೂವರೆ ಪಟ್ಟು. ಆಗ ತೀರ ಬಡವರ ಮಕ್ಕಳು ಉಚಿತವಾಗಿ ಬರುತ್ತಾರೆ, ಉಳ್ಳವರ ಮಕ್ಕಳು ಹೇಗೂ ಬರುತ್ತಾರೆ, ಕೇಳಲು ಸಂಕೋಚಪಡುವ ನಡುವಿನ ಮನೆಗಳ ಮಕ್ಕಳು ಸದ್ದಿಲ್ಲದೆ ಹೊರಗುಳಿಯುತ್ತಾರೆ. ಆದ್ದರಿಂದ ಉಚಿತ ಜಾಗಗಳ ಖರ್ಚು, ಅಂದರೆ ಸುಮಾರು 33 ಪಾಲು, ನೋಂದಣಿ ತೆರೆಯುವ ಮೊದಲೇ ದಾನದಿಂದ ಕೈಸೇರಿರಬೇಕು. ಹಣ ಸಾಲದಾದರೆ ಮೊದಲು ಕೈಬಿಡಬೇಕಾದದ್ದು ಬಣ್ಣದ ಟೀ ಶರ್ಟು, ಪದಕ, ಬ್ಯಾನರು. ಬಿಸಿಲಿಗೆ ಕುಸಿದವರನ್ನು ತಂಪು ಮಾಡಲು ಬೇಕಾದ ಐಸ್ ತುಂಬುವ ತೊಟ್ಟಿಗೆ ಹಣವಿಲ್ಲವೆಂದವರು ಟೀ ಶರ್ಟಿಗೆ ಎರಡು ಬಣ್ಣದ ಮುದ್ರಣ ಮಾಡಿಸುವುದನ್ನು ನಾನು ನೋಡಿದ್ದೇನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಮಾತು ನೆನಪಾಯಿತು.

ಅರ್ಜಿಯಲ್ಲಿ ಪೂರ್ಣ ಶುಲ್ಕ, ಅರ್ಧ ಶುಲ್ಕ, ಶುಲ್ಕವಿಲ್ಲ ಎಂಬ ಮೂರು ಚೌಕಗಳಿರಲಿ. ಆದಾಯದ ಪ್ರಮಾಣಪತ್ರ ಕೇಳುವುದು ಬೇಡ. ಯಾರು ಯಾವ ಚೌಕಕ್ಕೆ ಗುರುತು ಹಾಕಿದರೆಂಬುದು ಖಜಾಂಚಿಯೊಬ್ಬರಿಗೆ ಬಿಟ್ಟು ಕೋಚ್‌ಗಳಿಗೂ ತಿಳಿಯಬಾರದು. ಸುಳ್ಳು ಹೇಳಿ ಉಚಿತ ಜಾಗ ಪಡೆಯುವವರು ಇರಬಹುದು, ಆದರೆ ಅವರನ್ನು ಹಿಡಿಯಲು ಹೂಡುವ ಪರೀಕ್ಷೆಯಲ್ಲಿ ನಿಜವಾಗಿ ಬೇಕಾದವರೇ ಸೋತು ಹಿಂತಿರುಗುತ್ತಾರೆ. ಬೂಟಿನ ವಿಷಯವೂ ಹೀಗೆಯೇ. ಒಳ್ಳೆಯ ಸ್ಥಿತಿಯಲ್ಲಿರುವ ಬಳಸಿದ ಬೂಟುಗಳನ್ನು ಮೊದಲೇ ಸಂಗ್ರಹಿಸಿ, ಮೇಜಿನ ಮೇಲೆ ಸಮತಟ್ಟಾಗಿಟ್ಟು ಹಿಂದಿನಿಂದ ನೋಡಿ. ಹಿಮ್ಮಡಿ ಒಂದು ಕಡೆಗೆ ವಾಲಿದ್ದರೆ, ಅಟ್ಟೆಯ ಗೀರುಗಳು ಸವೆದು ನುಣುಪಾಗಿದ್ದರೆ ಪಕ್ಕಕ್ಕಿಡಿ. ಅವುಗಳನ್ನು ‘ಇಲ್ಲದವರಿಗೆ’ ಎಂದು ಹಂಚದೆ, ಮೊದಲ ದಿನ ಎಲ್ಲ ಮಕ್ಕಳ ಬೂಟನ್ನೂ ಪರೀಕ್ಷಿಸಿ, ಸರಿಹೊಂದದವರೆಲ್ಲರಿಗೂ ಬದಲಿಸಿಕೊಳ್ಳಲು ಹೇಳಿದರೆ ಯಾರ ತಲೆಯೂ ತಗ್ಗುವುದಿಲ್ಲ.

ಹಿರಿಯರಿಗೆ ಕಟ್ಟುಪಾಡು

1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಪ್ರಕಾರ 18 ತುಂಬದವರೆಲ್ಲರೂ ಮಕ್ಕಳೇ. ಕೋಚ್‌ಗಿಂತ ಎತ್ತರ ಬೆಳೆದ 17ರ ಹುಡುಗನೂ ಇದರೊಳಗೆ ಬರುತ್ತಾನೆ, 19ರ ಸ್ವಯಂಸೇವಕಿ ಹೊರಗಿರುತ್ತಾಳೆ. ವಯಸ್ಸಿನ ಅಂತರ ಕಡಿಮೆಯೆಂದು ಕಟ್ಟುಪಾಡು ಸಡಿಲವಾಗಬಾರದು. ಯಾವ ಹಿರಿಯರೂ ಯಾವ ಮಗುವಿನೊಂದಿಗೂ ಉಳಿದವರ ಕಣ್ಣಿಗೆ ಬೀಳದ ಜಾಗದಲ್ಲಿ ಒಬ್ಬರೇ ಇರಬಾರದು. ಮಗುವಿಗೆ ನೇರವಾಗಿ ಖಾಸಗಿ ಸಂದೇಶ ಕಳಿಸಬಾರದು. ಹೇಳಬೇಕಾದದ್ದೆಲ್ಲ ಪೋಷಕರಿರುವ ಗುಂಪಿನಲ್ಲಿ ಹೇಳಬೇಕು. ವಾಹನದಲ್ಲಿ ಒಂದೇ ಮಗುವನ್ನು ಕೂರಿಸಿಕೊಂಡು ಹೋಗಬಾರದು. ಮೈಮುಟ್ಟಿ ಭಂಗಿ ತಿದ್ದುವ ಬದಲು ತಾವೇ ಮಾಡಿ ತೋರಿಸಬೇಕು. ಪ್ರತಿಯೊಬ್ಬ ಸ್ವಯಂಸೇವಕರ ಹಿನ್ನೆಲೆಯನ್ನು ಆಯಾ ದೇಶದ ಕಾನೂನು ಹೇಳುವಂತೆ ಪರಿಶೀಲಿಸಿ, ಮಕ್ಕಳೊಂದಿಗಿನ ಕೆಲಸದಲ್ಲಿ ಅವರ ಜೊತೆಗಿದ್ದ ಇಬ್ಬರೊಂದಿಗೆ ಫೋನಿನಲ್ಲಿ ಮಾತನಾಡಬೇಕು. ‘ನಿಮ್ಮ ಮಗುವನ್ನು ಇವರ ಬಳಿ ಬಿಡುತ್ತೀರಾ?’ ಎಂಬ ಪ್ರಶ್ನೆಗೆ ಬರುವ ಒಂದು ಕ್ಷಣದ ಮೌನ ಲಿಖಿತ ಶಿಫಾರಸಿನಲ್ಲಿ ಕಾಣುವುದಿಲ್ಲ. ದೌರ್ಜನ್ಯದ ಅನುಮಾನ ಬಂದರೆ ಮಂಡಳಿಯೇ ಕೂತು ವಿಚಾರಣೆ ನಡೆಸುವ ಗೊಡವೆಗೆ ಹೋಗದೆ ಕಾನೂನು ಗೊತ್ತುಮಾಡಿದ ಅಧಿಕಾರಿಗೆ ಕೂಡಲೇ ತಿಳಿಸಬೇಕು. ಮಕ್ಕಳ ಫೋಟೋಗೆ ಬೇರೆಯದೇ ಒಪ್ಪಿಗೆ ಪತ್ರವಿರಲಿ, ಅದಕ್ಕೆ ಸಹಿ ಹಾಕದವರಿಗೂ ಶಿಬಿರದ ಬಾಗಿಲು ತೆರೆದೇ ಇರಲಿ.

ಪೋಷಕರು ತುಂಬುವ ಆರೋಗ್ಯ ಪತ್ರದಲ್ಲಿ ಆಸ್ತಮಾ, ಅಲರ್ಜಿ, ಮಧುಮೇಹ, ಮೂರ್ಛೆರೋಗ, ಸೇವಿಸುತ್ತಿರುವ ಔಷಧಿ ಇವುಗಳ ಜೊತೆ ಎರಡು ಪ್ರಶ್ನೆಗಳನ್ನು ಬಿಡದೆ ಕೇಳಬೇಕು: ಓಡುವಾಗ ಎಂದಾದರೂ ಎಚ್ಚರ ತಪ್ಪಿದ್ದುಂಟೇ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡದ್ದುಂಟೇ. ಹೌದೆಂದು ಬಂದರೆ ವೈದ್ಯರು ನೋಡಿ ಬರೆದುಕೊಡುವ ತನಕ ಆ ಮಗು ಓಡಬಾರದು. ಇನ್ಹೇಲರ್ ಕಚೇರಿಯ ಚೀಲದಲ್ಲಿದ್ದರೆ ಇಲ್ಲದಂತೆಯೇ. ಅದು ಆ ಗುಂಪಿನೊಡನೆ ಓಡುವ ಹಿರಿಯರ ಸೊಂಟದ ಚೀಲದಲ್ಲಿರಬೇಕು. ಹೃದಯ ಬಡಿತ ಹಠಾತ್ತಾಗಿ ಕೆಟ್ಟಾಗ ವಿದ್ಯುತ್ ಆಘಾತ ಕೊಟ್ಟು ಸರಿಪಡಿಸುವ ಎಇಡಿ ಯಂತ್ರ ಹತ್ತಿರದಲ್ಲಿ ಎಲ್ಲಿದೆ, ಅದನ್ನು ತರಲು ಎಷ್ಟು ನಿಮಿಷ ಬೇಕು ಎಂಬುದನ್ನು ಓಡಿಯೇ ಅಳೆದುಕೊಳ್ಳಿ.

ಬಿಸಿಲು

ಬೇಸಿಗೆಯ ಶಿಬಿರದಲ್ಲಿ ಪ್ರಾಣಕ್ಕೆ ಅಪಾಯ ತರಬಲ್ಲದ್ದು ಹೆಚ್ಚಾಗಿ ಬಿಸಿ. ಅದನ್ನು ಅಳೆಯಲು ಸಾಮಾನ್ಯ ಉಷ್ಣಮಾಪಕ ಸಾಲದು, ಏಕೆಂದರೆ ಬೆವರು ಆರುವುದರಿಂದಲೇ ಮೈ ತಂಪಾಗುತ್ತದೆ, ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೆವರು ಆರದೆ ಸುರಿದುಹೋಗುತ್ತದೆ. ಇದನ್ನು ಲೆಕ್ಕಕ್ಕೆ ತರುವ ಅಳತೆಯೇ ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್. ಬಯಲಿನಲ್ಲಿ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕಕ್ಕೆ 70, ಬಿಸಿಲು ಹೀರುವ ಕಪ್ಪು ಗೋಳದ ಉಷ್ಣಮಾಪಕಕ್ಕೆ 20, ನೆರಳಿನಲ್ಲಿರುವ ಸಾಮಾನ್ಯ ಉಷ್ಣಮಾಪಕಕ್ಕೆ 10, ಹೀಗೆ ನೂರರಲ್ಲಿ ಪಾಲು ಹಾಕಿ ಇದನ್ನು ತೆಗೆಯುತ್ತಾರೆ. ಗಾಳಿಯ ತೇವಕ್ಕೆ ಎಷ್ಟು ತೂಕವೆಂಬುದು ಇದರಿಂದಲೇ ಗೊತ್ತಾಗುತ್ತದೆ. ಈ ಅಳತೆ ಹುಟ್ಟಿದ್ದೂ ಒಂದು ರೀತಿಯಲ್ಲಿ ತರುಣರ ಶಿಬಿರಗಳಲ್ಲೇ: 1950ರ ದಶಕದಲ್ಲಿ ಅಮೆರಿಕದ ಸೇನಾ ತರಬೇತಿ ಶಿಬಿರಗಳಲ್ಲಿ ಹೊಸ ಸೈನಿಕರು ಬಿಸಿಗೆ ಕುಸಿಯುತ್ತಿದ್ದುದನ್ನು ತಡೆಯಲು ಯಾಗ್ಲೂ ಮತ್ತು ಮಿನಾರ್ಡ್ ಎಂಬುವರು ಇದನ್ನು ರೂಪಿಸಿ 1957ರಲ್ಲಿ ಪ್ರಕಟಿಸಿದರು. ಕೈಯಲ್ಲಿ ಹಿಡಿಯುವ ಯಂತ್ರಗಳು ಈಗ ಸಿಗುತ್ತವೆ. ದೂರದ ಓಟದ ಸ್ಪರ್ಧೆಗಳಿಗೆ ಈ ಅಳತೆಯ 28 ಡಿಗ್ರಿ ಸೆಲ್ಸಿಯಸ್ ಒಂದು ಗಡಿಯಾಗಿ ಬಳಕೆಯಲ್ಲಿದೆ. ಅಭ್ಯಾಸವಿಲ್ಲದ ಮಕ್ಕಳಿಗೆ ನಾನು ಅದಕ್ಕಿಂತ ಮೊದಲೇ ಓಟವನ್ನು ನಡಿಗೆಗೆ ಇಳಿಸುತ್ತೇನೆ, 28 ತಲುಪಿದರೆ ನೆರಳಿನಲ್ಲಿ ಕೂರಿಸಿ ಪಾಠ ಮಾಡುತ್ತೇನೆ.

ಮೈ ಬಿಸಿಗೆ ಹೊಂದಿಕೊಳ್ಳಲು 10ರಿಂದ 14 ದಿನ ಬೇಕು. ಆ ದಿನಗಳಲ್ಲಿ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಆರಂಭವಾಗುತ್ತದೆ, ಅದೇ ಓಟಕ್ಕೆ ಹೃದಯ ಬಡಿತ ಕಡಿಮೆಯಾಗುತ್ತದೆ. ಅಂದರೆ ಎರಡು ವಾರದ ಶಿಬಿರದಲ್ಲಿ ಮಗು ಪೂರ್ತಿ ಹೊಂದಿಕೊಳ್ಳುವ ಹೊತ್ತಿಗೆ ಶಿಬಿರವೇ ಮುಗಿದಿರುತ್ತದೆ. ಮೊದಲ ನಾಲ್ಕು ದಿನ ಅತ್ಯಂತ ಅಪಾಯದವು, ಆದರೆ ಉತ್ಸಾಹವೂ ಆಗಲೇ ಹೆಚ್ಚು. ಮಕ್ಕಳನ್ನು ಓಡಿಸುವುದಕ್ಕಿಂತ ತಡೆಯುವುದೇ ಆ ನಾಲ್ಕು ದಿನಗಳ ಕೆಲಸ.

ಹೀಟ್ ಸ್ಟ್ರೋಕ್ ಆದವರ ಚರ್ಮ ಒಣಗಿರುತ್ತದೆ ಎಂಬ ಹಳೆಯ ಪಾಠವನ್ನು ಮರೆತುಬಿಡಬೇಕು. ಓಡುತ್ತಿರುವಾಗ ಕುಸಿದವರು ಧಾರಾಳವಾಗಿ ಬೆವರುತ್ತಿರಬಹುದು. ನೋಡಬೇಕಾದದ್ದು ನಡವಳಿಕೆ: ತಡವರಿಸುವುದು, ಸಿಡುಕುವುದು, ದಿಕ್ಕು ತಪ್ಪುವುದು, ಕೇಳಿದ ಪ್ರಶ್ನೆಗೆ ಸಂಬಂಧವಿಲ್ಲದ ಉತ್ತರ ಕೊಡುವುದು. ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿ ಇಂಥ ಲಕ್ಷಣ ಕಂಡರೆ ಅದು ಹೀಟ್ ಸ್ಟ್ರೋಕ್, ಆದರೆ ಹಣೆ ಅಥವಾ ಕಂಕುಳಿನಲ್ಲಿ ಅಳೆದ ಅಂಕಿ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಅದು ಕಡಿಮೆ ತೋರಿಸಿತೆಂದು ಕೈಕಟ್ಟಿ ಕೂರಬಾರದು. ಆಂಬ್ಯುಲೆನ್ಸ್‌ಗೆ ಒಬ್ಬರು ಫೋನ್ ಮಾಡುತ್ತಿರುವಾಗಲೇ ಉಳಿದವರು ಮಗುವನ್ನು ಕುತ್ತಿಗೆಯವರೆಗೆ ಐಸ್ ನೀರಿನಲ್ಲಿ ಮುಳುಗಿಸಿ, ತಲೆಯನ್ನು ನೀರಿನ ಮೇಲೆ ಹಿಡಿದು, ನೀರನ್ನು ಕಲಕುತ್ತಿರಬೇಕು. ಮೊದಲು ತಂಪು, ಆಮೇಲೆ ಸಾಗಣೆ ಎಂಬುದು ಕ್ರೀಡಾ ವೈದ್ಯಶಾಸ್ತ್ರದಲ್ಲಿ ಒಪ್ಪಿತವಾದ ಕ್ರಮ, ಏಕೆಂದರೆ ಕುಸಿದ ಮೊದಲ ಅರ್ಧ ಗಂಟೆಯೊಳಗೆ ಬಿಸಿ ಇಳಿದರೆ ಬದುಕುವ ಸಾಧ್ಯತೆ ಬಹಳ ಹೆಚ್ಚು. ತೊಟ್ಟಿ ಇಲ್ಲದಿದ್ದರೆ ಟಾರ್ಪಾಲಿನ ನಡುವೆ ಮಲಗಿಸಿ, ಆರು ಮಂದಿ ಅಂಚುಗಳನ್ನು ಎತ್ತಿ ಹಿಡಿದು, ಒಳಗೆ ಐಸ್ ನೀರು ಸುರಿದು ಅಲುಗಾಡಿಸಿದರೂ ಕೆಲಸ ಆಗುತ್ತದೆ.

ಇದನ್ನು ಓದಿಕೊಂಡರೆ ಸಾಲದು, ಶಿಬಿರಕ್ಕೆ ಮುನ್ನ ಅಣಕು ಮಾಡಿ ನೋಡಬೇಕು. ನಮ್ಮ ಮೊದಲ ಅಣಕಿನಲ್ಲಿ ಸ್ವಯಂಸೇವಕನೊಬ್ಬ ಮೈದಾನದ ಆ ತುದಿಯಲ್ಲಿ ಬಿದ್ದಂತೆ ನಟಿಸಿದ, ನಾನು ಗಡಿಯಾರ ಹಿಡಿದು ನಿಂತೆ. ತೊಟ್ಟಿ ಇತ್ತು, ನೀರಿತ್ತು, ಐಸ್ ಪೆಟ್ಟಿಗೆಯೂ ಇತ್ತು. ಅದನ್ನಿಟ್ಟ ಕೋಣೆಯ ಬೀಗದ ಕೈ ಮಾತ್ರ ತಿಂಡಿ ತರಲು ಹೋದವರ ಜೇಬಿನಲ್ಲಿತ್ತು. ಅವನು ನೀರಿಗಿಳಿಯುವಷ್ಟರಲ್ಲಿ ಹನ್ನೊಂದು ನಿಮಿಷವಾಗಿತ್ತು. ಎರಡನೆಯ ಸಲ ಮೂರು ನಿಮಿಷಕ್ಕೆ ಮುಗಿಯಿತು. ಈಗ ಐಸ್ ಪೆಟ್ಟಿಗೆಗೆ ಬೀಗವೇ ಇಲ್ಲ.

ನೀರಿನ ವಿಷಯದಲ್ಲಿ ಎರಡೂ ಕಡೆಯ ಅತಿ ಅಪಾಯ. ಬಾಯಾರಿದಾಗ ಕುಡಿಯಬೇಕು, ಕುಡಿಯಲು ಬಿಡುವು ಪದೇಪದೇ ಸಿಗಬೇಕು. ಆದರೆ ಬಾಟಲಿ ಖಾಲಿ ಮಾಡಲೇಬೇಕೆಂದು ಒತ್ತಾಯಿಸಬಾರದು. ಬೇಕಾದುದಕ್ಕಿಂತ ಬಹಳ ಹೆಚ್ಚು ಕುಡಿದರೆ ರಕ್ತದ ಸೋಡಿಯಂ ಇಳಿದು, ತಲೆನೋವು ವಾಂತಿಗಳಿಂದ ಆರಂಭವಾಗಿ ಸೆಳವಿನವರೆಗೂ ಹೋಗಬಹುದು.

ಓಟದ ಪಾಠ

ಹತ್ತು ದಿನಗಳ ಪಾಠವನ್ನು ದೂರದಲ್ಲಿ ಬರೆಯದೆ ನಿಮಿಷಗಳಲ್ಲಿ ಬರೆಯಿರಿ. ‘ನಾಲ್ಕು ಕಿಲೋಮೀಟರ್’ ಎಂದರೆ ಬೇಗ ಓಡುವವರಿಗೆ 20 ನಿಮಿಷದ ಕೆಲಸ, ನಿಧಾನವಾದವರಿಗೆ 36 ನಿಮಿಷದ ಶಿಕ್ಷೆ. ಅಂದರೆ ಯಾರಿಗೆ ಕಡಿಮೆ ಶಕ್ತಿಯೋ ಅವರಿಗೇ ಹೆಚ್ಚು ಹೊತ್ತಿನ ಓಟ. ‘20 ನಿಮಿಷ’ ಎಂದರೆ ಎಲ್ಲರಿಗೂ 20 ನಿಮಿಷ. ಮೊದಲ ದಿನ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆಯಂತೆ ಒಟ್ಟು 18 ನಿಮಿಷ ಸಾಕು; ಹತ್ತನೆಯ ದಿನದ ಹೊತ್ತಿಗೆ ಹೆಚ್ಚಿನವರು 30 ನಿಮಿಷ ನಿಲ್ಲದೆ ಓಡಿದರೆ ಅದೇ ದೊಡ್ಡದು. ವೇಗಕ್ಕೆ ಅಳತೆಗೋಲು ಮಾತು. ಜೊತೆಯವರೊಡನೆ ಪೂರ್ತಿ ವಾಕ್ಯವೊಂದನ್ನು ಉಸಿರು ಕಟ್ಟದೆ ಹೇಳಲಾಗದಿದ್ದರೆ ಅದು ಹೆಚ್ಚಿನ ವೇಗ. ಕೈಗಡಿಯಾರದ ಅಂಕಿಗಿಂತ ಇದನ್ನು ಮಕ್ಕಳು ಬೇಗ ಕಲಿಯುತ್ತಾರೆ, ಮಾತನಾಡಲು ಅವರಿಗೆ ಹೇಗೂ ಅನುಮತಿ ಬೇಕಿಲ್ಲ.

ವಾರಕ್ಕೆ ಹತ್ತು ಪ್ರತಿಶತಕ್ಕಿಂತ ಹೆಚ್ಚಿಸಬಾರದು ಎಂಬ ನಿಯಮವನ್ನು ಬಹಳ ಮಂದಿ ವೇದವಾಕ್ಯದಂತೆ ಹೇಳುತ್ತಾರೆ. 2008ರಲ್ಲಿ ಪ್ರಕಟವಾದ, ನೆದರ್ಲೆಂಡ್ಸ್‌ನಲ್ಲಿ ಹೊಸ ಓಟಗಾರರ ಮೇಲೆ ನಡೆದ ಪ್ರಯೋಗದಲ್ಲಿ 13 ವಾರಗಳಲ್ಲಿ ನಿಧಾನವಾಗಿ ಏರಿಸಿದವರಿಗೂ 8 ವಾರಗಳಲ್ಲೇ ಏರಿಸಿದವರಿಗೂ ಗಾಯದ ಪ್ರಮಾಣ ಬಹುತೇಕ ಒಂದೇ ಆಗಿತ್ತು, ಐವರಲ್ಲಿ ಒಬ್ಬರಿಗೆ. ಎಚ್ಚರ ಬೇಡವೆಂದು ಇದರ ಅರ್ಥವಲ್ಲ. ಕಾಗದದ ಲೆಕ್ಕ ಸರಿಯಿದೆಯೆಂದು ಮಗುವಿನ ನಡಿಗೆಯನ್ನು ನೋಡದೆ ಇರಬಾರದು, ಅಷ್ಟೆ.

ಐದನೆಯ ದಿನದಿಂದ ವೇಗದ ಆಟ ಸೇರಿಸಬಹುದು. 1930ರ ದಶಕದಲ್ಲಿ ಸ್ವೀಡನ್ನಿನ ಕೋಚ್ ಗೋಸ್ಟಾ ಹೋಲ್ಮೆರ್ ರೂಢಿಗೆ ತಂದ ಫಾರ್ಟ್‌ಲೆಕ್ ಎಂಬ ಪದ್ಧತಿಯ ಹೆಸರಿಗೆ ಅರ್ಥವೇ ‘ವೇಗದ ಆಟ’. ಅಲ್ಲಿ ಕಾಣುವ ಮರದವರೆಗೆ ಜೋರು, ಆಮೇಲೆ ದಮ್ಮು ಹಿಡಿಯುವವರೆಗೆ ನಿಧಾನ, ಮುಂದಿನ ಗುರುತನ್ನು ಗುಂಪಿನಲ್ಲಿ ಇನ್ನೊಬ್ಬರು ಆರಿಸಬೇಕು. ಹಿಂದಿರುವವರಿಗೆ ಆರಿಸುವ ಸರದಿ ಮೊದಲು ಕೊಡಿ. ಇದಲ್ಲದೆ ವಾರ್ಮ್ ಅಪ್ ಆದ ಮೇಲೆ ಹುಲ್ಲಿನಲ್ಲಿ 80 ಮೀಟರಿನ ನಾಲ್ಕು ಸಡಿಲವಾದ ವೇಗದ ಓಟಗಳು, ಒಂಟಿಕಾಲಿನಲ್ಲಿ ನಿಲ್ಲುವುದು, ಕುಪ್ಪಳಿಸುವುದು, ಮೆಟ್ಟಿಲು ಹತ್ತುವುದು, ಇಷ್ಟು ಸಾಕು. ಟ್ರ್ಯಾಕ್‌ನ ಮೇಲೆ ದಮ್ಮು ಕಟ್ಟುವ ಇಂಟರ್ವಲ್‌ಗಳಿಗೆ, ಅಂದರೆ ನಡುನಡುವೆ ಸ್ವಲ್ಪ ಬಿಡುವು ಕೊಟ್ಟು ಮತ್ತೆ ಮತ್ತೆ ಜೋರಾಗಿ ಓಡಿಸುವುದಕ್ಕೆ, ಈ ಶಿಬಿರದಲ್ಲಿ ಜಾಗವಿಲ್ಲವೆಂದೇ ನನ್ನ ಅಭಿಪ್ರಾಯ.

ಶಿಬಿರದ ಒಂದೇ ಒಂದು ಪಾಠವನ್ನು ಉಳಿಸಿಕೊಳ್ಳಿ ಎಂದರೆ ನಾನು ಸೀಟಿಯ ಓಟವನ್ನು ಉಳಿಸಿಕೊಳ್ಳುತ್ತೇನೆ. ನೇರವಾದ ದಾರಿಯಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, 500 ಮೀಟರಿಗೊಬ್ಬ ಹಿರಿಯರು ಸೀಟಿ ಹಿಡಿದು ನಿಂತಿರುತ್ತಾರೆ. ಸರಿಯಾಗಿ 12 ನಿಮಿಷಕ್ಕೆ ಎಲ್ಲ ಸೀಟಿಗಳೂ ಕೂಗುತ್ತವೆ. ಎಲ್ಲಿದ್ದರೆ ಅಲ್ಲೇ ತಿರುಗಿ, ಬಂದಷ್ಟೇ ವೇಗದಲ್ಲಿ ಮರಳಬೇಕು. ಬೇಗ ಓಡಿದವರು ಎರಡು ಕಿಲೋಮೀಟರ್ ದಾಟಿರುತ್ತಾರೆ, ನಿಧಾನವಾದವರು ಒಂದೂವರೆಯ ಆಚೀಚೆ ಇರುತ್ತಾರೆ, ಆದರೆ ತಿರುಗಿದ ಮರುಕ್ಷಣ ಸಾಲು ತಲೆಕೆಳಗಾಗುತ್ತದೆ. ಒಂದು ವರ್ಷ, ಅದುವರೆಗೆ ಪ್ರತಿದಿನ ಕೊನೆಯವಳಾಗಿ ಬರುತ್ತಿದ್ದ ಹುಡುಗಿಯೊಬ್ಬಳು ಸೀಟಿ ಕೇಳಿ ತಿರುಗಿ, ಮುಂದೆ ಯಾರೂ ಇಲ್ಲದ ಖಾಲಿ ದಾರಿಯನ್ನು ಕಂಡು ಒಂದು ಗಳಿಗೆ ನಿಂತೇಬಿಟ್ಟಳು, ದಾರಿ ತಪ್ಪಿತೇನೋ ಎಂಬಂತೆ ಹಿಂದಕ್ಕೆ ನೋಡಿದಳು. ಅವಳ ಜೊತೆ ಓಡುತ್ತಿದ್ದ ನಾನು ಏನೂ ಹೇಳಲಿಲ್ಲ. ಅವಳು ದುಪ್ಪಟ್ಟವನ್ನು ಸೊಂಟಕ್ಕೆ ಬಿಗಿದುಕೊಂಡು ಹೊರಟಳು. 24ನೆಯ ನಿಮಿಷಕ್ಕೆ ಇಡೀ ಗುಂಪು ಅಂಗೈಯಗಲದ ಅಂತರದಲ್ಲಿ ಮೈದಾನ ತಲುಪಿತು. ಯಾರೂ ಹುಲ್ಲಿನ ಮೇಲೆ ಕೂತು ಯಾರನ್ನೂ ನೋಡುತ್ತಿರಲಿಲ್ಲ. ಈ ಓಟಕ್ಕಿರುವ ದೋಷವೊಂದೇ, ಮುಂದಿದ್ದವರು ಈಗ ಹಿಂದೆ ಬಿದ್ದೆವೆಂದು ಅಟ್ಟಿಸಿಕೊಂಡು ಬರುತ್ತಾರೆ. 24 ನಿಮಿಷಕ್ಕಿಂತ ಮೊದಲೇ ಬಂದವರು ಸೋತಂತೆ ಎಂದು ಮೊದಲೇ ಸಾರಿದರೆ ಅದೂ ಸರಿಹೋಗುತ್ತದೆ.

ನೋವು, ಊಟ, ನಿದ್ದೆ

ಬೆಳೆಯುವ ಮೂಳೆಯ ನೋವು ದೊಡ್ಡವರ ನೋವಿನಂತಲ್ಲ. ಹಿಮ್ಮಡಿಯ ಹಿಂಭಾಗದ ನೋವು ಮತ್ತು ಮಂಡಿಚಿಪ್ಪಿನ ಕೆಳಗಿನ ಗಂಟಿನಲ್ಲಿ ಬರುವ ನೋವು ಈ ವಯಸ್ಸಿನಲ್ಲಿ ಸಾಮಾನ್ಯ. ಸ್ನಾಯುರಜ್ಜು ಎಳೆಯುವ ಜಾಗದಲ್ಲಿ ಮೂಳೆ ಇನ್ನೂ ಮೆದುವಾಗಿರುವುದೇ ಕಾರಣ. ಓಟ ಕಡಿಮೆ ಮಾಡಿದರೆ ಇವು ಇಳಿಯುತ್ತವೆ. ಮಂಡಿಯ ಕೆಳಗೆ ಕಾಲಿನ ಮುಂಭಾಗದ ಮೂಳೆಯ ನೋವು ಬೇರೆ. ಮಗುವಿಗೆ ಒಂದು ಬೆರಳಿನಿಂದ ನೋವಿನ ಜಾಗ ತೋರಿಸಲು ಹೇಳಿ: ಅಂಗೈಯಿಂದ ಸವರಿ ಇಲ್ಲೆಲ್ಲ ಎಂದರೆ ವಿಶ್ರಾಂತಿ, ಬೆರಳ ತುದಿಯಿಂದ ಇದೇ ಚುಕ್ಕೆ ಎಂದರೆ ಅಂದೇ ಓಟ ನಿಲ್ಲಿಸಿ ವೈದ್ಯರಲ್ಲಿಗೆ ಕಳಿಸಿ, ಮೂಳೆಯಲ್ಲಿ ಬಿರುಕು ಇರಬಹುದು. ಕುಂಟುತ್ತಿರುವ ಮಗು ಓಡಬಾರದು ಎಂಬ ನಿಯಮಕ್ಕೆ ವಿನಾಯಿತಿ ಇಲ್ಲ. ನೋವನ್ನು ಮುಚ್ಚಿಡುವವರು ಹೆಚ್ಚಾಗಿ ಮುಂದಿರುವವರು. ಅವರನ್ನು ಓಡುವಾಗ ನೋಡಬೇಡಿ, ಬೂಟು ಬಿಚ್ಚಿ ನಡೆಯುವಾಗ ನೋಡಿ.

ಶಿಬಿರದಲ್ಲಿ ತೂಕದ ಯಂತ್ರ ಇರಕೂಡದು, ತೂಕ ಇಳಿಸುವ ಮಾತೂ ಕೂಡದು. ಓಡುವ ಶ್ರಮಕ್ಕೆ ತಕ್ಕಷ್ಟು ಉಣ್ಣದಿದ್ದರೆ ಮೂಳೆ, ಹಾರ್ಮೋನು, ಮನಸ್ಸು ಮೂರೂ ಕುಗ್ಗುತ್ತವೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಈ ಸ್ಥಿತಿಗೆ ಪ್ರತ್ಯೇಕ ಹೆಸರಿಟ್ಟು, ಇದು ಹುಡುಗರಲ್ಲೂ ಉಂಟೆಂದು ಸ್ಪಷ್ಟಪಡಿಸಿತು. ಹುಡುಗಿಯರಿಗೆ ಮುಟ್ಟು ಮೂರು ತಿಂಗಳು ನಿಂತಿದ್ದರೆ ಅದು ಚೆನ್ನಾಗಿ ಓಡುತ್ತಿರುವ ಗುರುತಲ್ಲ, ವೈದ್ಯರನ್ನು ಕಾಣಬೇಕಾದ ಗುರುತು ಎಂಬುದನ್ನು ಮಹಿಳಾ ಕೋಚ್ ಒಬ್ಬರು ಎಲ್ಲರಿಗೂ ಒಟ್ಟಿಗೆ, ಸಂಕೋಚವಿಲ್ಲದೆ ಹೇಳಬೇಕು. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬಿಸಿಲಿಗೆ ಹೆದರಿ ಬೆಳಗಿನ ಜಾವವೇ ಶಿಬಿರ ಆರಂಭಿಸುವಾಗ ನಾವು ಕದಿಯುವುದು ಈ ನಿದ್ದೆಯನ್ನೇ ಎಂಬುದನ್ನು ಪೋಷಕರಿಗೆ ಹೇಳಿ, ರಾತ್ರಿ ಬೇಗ ಮಲಗಿಸಲು ಮೊದಲ ಸಭೆಯಲ್ಲೇ ಕೇಳಿಕೊಳ್ಳಿ.

ಮುಗಿದ ಮೇಲೆ

ಕೊನೆಯ ದಿನ ಸ್ಪರ್ಧೆ ಇಡುವಂತೆ ಒತ್ತಡ ಬರುತ್ತದೆ, ಹೆಚ್ಚಾಗಿ ದಾನಿಗಳಿಂದ. ನಾವು ಅದರ ಬದಲು ಎರಡನೆಯ ವಾರದ ಸೀಟಿಯ ಓಟವನ್ನೇ ಪೋಷಕರ ಮುಂದೆ ಇನ್ನೊಮ್ಮೆ ನಡೆಸುತ್ತೇವೆ. ಓಡಲು ಇಷ್ಟಪಡುವ ತಂದೆ ತಾಯಂದಿರೂ ಸೇರಿಕೊಳ್ಳಬಹುದು. ಪ್ರತಿ ಮಗುವಿಗೂ ಮುಂದಿನ ಆರು ವಾರಗಳಲ್ಲಿ ವಾರಕ್ಕೆ ಮೂರು ದಿನ ಓಡುವ ಒಂದು ಹಾಳೆಯನ್ನು ಕೊಟ್ಟು ಕಳಿಸಿ. ಒಂದು ತಿಂಗಳೊಳಗೆ ಬಂದ ಹಣ, ಖರ್ಚಾದ ಹಣ, ಉಳಿದ ಹಣ ಎಷ್ಟೆಂದು ಒಂದೇ ಪುಟದಲ್ಲಿ ಬರೆದು ದಾನಿಗಳಿಗೂ ಪೋಷಕರಿಗೂ ಒಂದೇ ರೂಪದಲ್ಲಿ ತಲುಪಿಸಿ. ಉಳಿದದ್ದನ್ನು ಮುಂದಿನ ವರ್ಷದ ಉಚಿತ ಜಾಗಗಳಿಗೆ ತೆಗೆದಿಡಲು ಮಂಡಳಿಯ ಠರಾವು ಆಗಲಿ.

ಆಮೇಲೆ ಹಾಜರಿ ಪಟ್ಟಿಯನ್ನು ಮುಂದಿಟ್ಟುಕೊಂಡು, ನಡುವೆ ಬಿಟ್ಟುಹೋದವರ ಮನೆಗೆ ಒಬ್ಬೊಬ್ಬರಿಗೂ ಫೋನ್ ಮಾಡಿ. ‘ಮತ್ತೆ ಯಾಕೆ ಬರಲಿಲ್ಲ’ ಎಂದು ಕೇಳಿದರೆ ಹುಷಾರಿರಲಿಲ್ಲ ಎಂಬ ಉತ್ತರ ಬರುತ್ತದೆ. ‘ಯಾವ ದಿನ ಬಿಡಬೇಕು ಅನಿಸಿತು, ಆ ದಿನ ಏನು ಮಾಡಿಸಿದ್ದೆವು’ ಎಂದು ಕೇಳಿ. ಉತ್ತರವನ್ನು ಆ ದಿನದ ಪಾಠದ ಹಾಳೆಯ ಅಂಚಿನಲ್ಲೇ ಬರೆದಿಡಿ. ಮುಂದಿನ ವರ್ಷದ ಯೋಜನೆ ಬರೆಯಲು ಕೂತಾಗ ಮೊದಲು ತೆಗೆಯಬೇಕಾದ ಕಾಗದ ಅದು.